ಮಾರಕ್ಕ ಹುಟ್ಟಿಸಿದ ಹೊಗೆಯಮ್ಮ

ಲಿಂಗರಾಜಪುರದಲ್ಲಿ ನನ್ನ ಮಟನ್ ಅಂಗಡಿಯ ಪಕ್ಕ, ಚರಂಡಿ ಕಲ್ಲಿನ ಮೇಲೆ ಒಲೆ ಹೂಡಿ ಕೂತು ಕುರಿಯ ತಲೆ, ಕಾಲು ಸುಟ್ಟುಕೊಡುವುದು ಮಾರಕ್ಕನ ಕೆಲಸ. ಕೂದಲು ಸುಟ್ಟು, ಚಾಕುವಿನಲ್ಲಿ ಹೆರೆದು, ಅರಿಶಿನ ಸವರಿ ಕೊಡುತ್ತಾಳೆ. ಬೇರೆ ಕೆಲಸ ಅವಳಿಗೆ ಬರುವುದಿಲ್ಲ, ಕೂರಲು ಬೇರೆ ಜಾಗವೂ ಇರಲಿಲ್ಲ.

ಎದುರಿಗೆ ಅಪಾರ್ಟ್‌ಮೆಂಟ್ ಎದ್ದಿತು. ಧಾರವಾಡದ ಕಡೆಯ ವಿಮಲಾಕ್ಷಿ ಮೇಡಂ ಇಳಿದು ಬಂದು, ಹೊಗೆ ಮನೆಯೊಳಗೆ ಬರುತ್ತದೆ, ಒಲೆ ತೆಗೆಸಿ ಎಂದರು. ನಾನು ಜಗಳಕ್ಕೆ ನಿಂತೆ. ಮಾರಕ್ಕ ನನ್ನನ್ನು ತಡೆದು, ಇದು ಒಲೆಯಲ್ಲ, ಹೊಗೆಯಮ್ಮನ ಜಾಗ, ನಮ್ಮತ್ತೆ ಕಾಲದಿಂದ ಆರಿಲ್ಲ, ಆರಿಸಿದರೆ ಮಕ್ಕಳಿಗೆ ಜ್ವರ ಬರುತ್ತದೆ ಎಂದಳು. ಅವಳ ಅತ್ತೆ ಶಿವಾಜಿನಗರದಲ್ಲಿ ಹೂ ಮಾರುತ್ತಿದ್ದವಳು. ಅದು ಗೊತ್ತಿದ್ದ ನಾನು ಅಂಗಡಿಯೊಳಗೆ ಹೋಗಿ ಮಾಂಸ ಕಡಿಯತೊಡಗಿದೆ.

ಆ ವಾರ ಮೇಡಂ ಮಗಳಿಗೆ ಜ್ವರ ಬಂತು. ಮಳೆಗಾಲ, ಬೀದಿಯ ಅರ್ಧ ಮಕ್ಕಳಿಗೆ ಬಂದಿತ್ತು. ಮೇಡಂ ಒಲೆಯ ಮುಂದೆ ನಿಂಬೆಹಣ್ಣು ಇಟ್ಟು, ಮಗುವಿಗೆ ಹೊಗೆ ಸೋಕಿಸಿಕೊಂಡು ಹೋದರು. ಜ್ವರ ಇಳಿಯಿತು. ಮಾತ್ರೆಯನ್ನೂ ಕೊಟ್ಟಿದ್ದರು, ಅದರ ಮಾತು ಯಾರೂ ಎತ್ತಲಿಲ್ಲ.

ಆಮೇಲೆ ಮಂಗಳವಾರ ಬಂದರೆ ಹೆಂಗಸರ ಸಾಲು. ಯಾರೋ ಕಲ್ಲು ನಿಲ್ಲಿಸಿದರು, ಯಾರೋ ಅದಕ್ಕೆ ಬೆಳ್ಳಿ ಕಣ್ಣು ಅಂಟಿಸಿದರು. ಅಪಾರ್ಟ್‌ಮೆಂಟಿನವರು ಸಮಿತಿ ಮಾಡಿ ತಗಡಿನ ಶೀಟು ಹಾಕಿಸಿದರು. ಹೊಗೆಯಮ್ಮ ಯಾವುದೋ ಋಷಿಯ ಹೋಮದಲ್ಲಿ ಹುಟ್ಟಿದವಳು ಎಂದು ನನಗೆ ಹೇಳಿದವನು ಒಬ್ಬ ಗಿರಾಕಿ. ಮಾರಕ್ಕನಿಗೂ ಅದು ಹೊಸ ಸುದ್ದಿ.

ಒಂದು ದಿನ ಸಮಿತಿಯೇ ಬಂತು.

"ಅಮ್ಮ ಹೋಮದಾಗ ಹುಟ್ಟಿದಾಕಿ. ಆಕಿ ಮುಂದ ಮಾಂಸ ಸುಡೋದು ನಡೆಯಂಗಿಲ್ರೀ ಅಜ್ಜಿ," ಎಂದರು ಮೇಡಂ, ಕೈ ಮುಗಿದುಕೊಂಡೇ.

"ಅವಳ್ನ ಹುಟ್ಸಿದ್ದೇ ನಾನು ಕಣಮ್ಮ. ಒಲೆ ಉಳೀಲಿ ಅಂತ ಸುಳ್ಳು ಹೇಳ್ದೆ."

"ದೇವರ ವಿಷಯದಾಗ ಹಂಗೆಲ್ಲಾ ಅನಬಾರದ್ರೀ. ತಪ್ಪಾತು ಅನ್ರಿ."

ಮಾರಕ್ಕ ತಪ್ಪಾಯ್ತು ಎಂದು ಕೆನ್ನೆ ಬಡಿದುಕೊಂಡಳು. ನಾನು ಸಮಿತಿಯವರಿಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಅದರಿಂದ ನನ್ನ ವ್ಯಾಪಾರ ಕೆಟ್ಟಿತೇ ಹೊರತು ಒಲೆ ಉಳಿಯಲಿಲ್ಲ.

ಭಾನುವಾರ ನೋಡಿದರೆ ಮಾರಕ್ಕ ನನ್ನ ಅಂಗಡಿಯ ಆಚೆ ಮಗ್ಗುಲಲ್ಲಿ, ಟ್ರಾನ್ಸ್‌ಫಾರ್ಮರ್ ಕೆಳಗೆ, ಒಂದು ಕಲ್ಲಿಗೆ ಕುಂಕುಮ ಬಳಿದು ಒಲೆ ಹೂಡಿದ್ದಳು. ಹೊಗೆಯಮ್ಮನಿಗೆ ಒಬ್ಬ ಅಕ್ಕ ಇದ್ದಾಳಂತೆ, ಮಾಂಸ ತಿನ್ನುವವಳು, ತಂಗಿಯ ಜೊತೆ ಊಟಕ್ಕೆ ಕೂರುವುದಿಲ್ಲವಾದ್ದರಿಂದ ಬೇರೆ ಮನೆಯಂತೆ. ಯಾರಿಗೂ ಅನುಮಾನ ಬರಲಿಲ್ಲ. ಊರಮ್ಮಂದಿರಿಗೆಲ್ಲ ಅಕ್ಕತಂಗಿಯರು ಇದ್ದೇ ಇರುತ್ತಾರೆ. ಸಮಿತಿಯವರೂ ಬಂದು, ಮೂಗು ಮುಚ್ಚಿಕೊಂಡು, ದೂರದಿಂದ ಹೂ ಎಸೆದು ಹೋದರು. ತಲೆ, ಕಾಲು ಮೊದಲಿಗಿಂತ ಹೆಚ್ಚು ಬರತೊಡಗಿದವು.

ಮೊನ್ನೆ ಬೆಳಿಗ್ಗೆ ಬಾಗಿಲು ತೆಗೆಯಲು ಹೋದಾಗ ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಮಾರಕ್ಕ ಆ ಕಲ್ಲಿಗೆ ಅಡ್ಡಬಿದ್ದಿದ್ದಳು. ನನಗೆ ರೇಗಿತು. ಯಾರೂ ಇಲ್ಲದಾಗಲೂ ಯಾರಿಗೆ ತೋರಿಸಲು ಈ ನಾಟಕ ಎಂದು ಕೇಳಿದೆ.

ಅವಳು ಏಳಲಿಲ್ಲ.

"ಮೆತ್ತಗೆ ಮಾತಾಡು ಮುತ್ತು. ಇವ್ಳು ತಂಗಿ ಥರ ಅಲ್ಲ, ಕೋಪ ಜಾಸ್ತಿ."

ನಾನು ಚಪ್ಪಲಿ ಬಿಟ್ಟೆ.