ಬಚ್ಚಲೊಲೆಯ ಕಂದು ಹೊಗೆ

ಬಿಳಿ ಫಿಲ್ಟರ್ ಕಾಗದದ ನಡುವೆ ಎಂಟಾಣೆ ನಾಣ್ಯದಷ್ಟು ಅಗಲದ ಕಲೆ. ಕಪ್ಪಲ್ಲ, ಕಂದು. ಪ್ರಯೋಗಾಲಯದಲ್ಲಿ ಮೆಥನಾಲ್‌ನಲ್ಲಿ ನೆನೆಸಿದಾಗ ದ್ರವವೆಲ್ಲ ತಿಳಿ ಚಹಾದ ಬಣ್ಣಕ್ಕೆ ತಿರುಗಿತು.

ಆಗ ನಾನು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಭದ್ರಾವತಿಯ ಗಾಳಿಯಲ್ಲಿರುವ ಹೊಗೆಯ ಕಣಗಳು ನನ್ನ ಪ್ರಾಜೆಕ್ಟಿನ ವಿಷಯ. ವಿಭಾಗದಿಂದ ತಂದ ಗಾಳಿ ಎಳೆಯುವ ಸಣ್ಣ ಪಂಪನ್ನು ಓಲ್ಡ್ ಟೌನಿನ ನಮ್ಮ ಮನೆಯ ತಾರಸಿಯ ಮೇಲಿಟ್ಟು, ಚಳಿಗಾಲದ ಮೂರು ತಿಂಗಳು ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು ಫಿಲ್ಟರ್ ಹಾಕಿದ್ದೆ. ಬೆಳಗಿನವು ಕಂದು, ಮಧ್ಯಾಹ್ನದವು ಬಹುತೇಕ ಬಿಳಿ.

ಧಗಧಗ ಉರಿಯುವ ಬೆಂಕಿಯ ಮಸಿ ಎಲ್ಲ ಬೆಳಕನ್ನೂ ಹೀರಿ ಕಪ್ಪಗೆ ಕಾಣುತ್ತದೆ. ಉರಿಯದೆ ಹೊಗೆಯಾಡುವುದರಿಂದ ಬರುವ ಸಾವಯವ ಕಣಗಳು ಹೆಚ್ಚಾಗಿ ನೀಲಿ ಬೆಳಕನ್ನೇ ಹೀರುವುದರಿಂದ ಕಂದಾಗಿ ಕಾಣುತ್ತವೆ. ಚಳಿಯಲ್ಲಿ ಹೊಗೆಯ ಆವಿ ಕಣಗಳ ಮೇಲೆ ಕೂರುತ್ತದೆ, ಬಿಸಿಲೇರಿದರೆ ಆರಿಹೋಗುತ್ತದೆ. ಇಷ್ಟು ಓದಿದ್ದ ನಾನು, ಹೊಗೆ ಕಾರ್ಖಾನೆಗಳದ್ದು, ಬೆಳಗಿನ ಕಂದಿಗೆ ಚಳಿಯೇ ಕಾರಣ ಎಂದು ಅಧ್ಯಾಯ ಬರೆದು ಮುಗಿಸಿದ್ದೆ. ಸೋಮವಾರ ಅದನ್ನು ಗೈಡ್‌ಗೆ ಒಪ್ಪಿಸಬೇಕಿತ್ತು.

ಶನಿವಾರ ಬೆಳಿಗ್ಗೆ ತಾರಸಿ ಹತ್ತಿದಾಗ ಗಂಟಲು ಕೆರೆಯಿತು. ನಮ್ಮ ಬಚ್ಚಲುಮನೆಯ ಹೊಗೆ ಕೊಳವೆ ಪಂಪಿನಿಂದ ಹತ್ತೇ ಅಡಿ ದೂರದಲ್ಲಿತ್ತು. ಬುದ್ಧಿ ಬಂದಾಗಿನಿಂದ ನೋಡಿದ್ದರಿಂದಲೇ ಅದು ನನಗೆ ಕಂಡಿರಲಿಲ್ಲ. ಕೆಳಗೆ ಅಮ್ಮ ಒಲೆಗೆ ಸಾಮಿಲ್ಲಿನ ಮರದ ಹೊಟ್ಟು ತುಂಬಿ, ಬೆಂಕಿ ನಿಧಾನವಾಗಿರಲೆಂದು ಬಾಯಿಗೆ ಎಣ್ಣೆ ಡಬ್ಬದ ತಗಡು ಮುಚ್ಚಿದ್ದರು.

“ನಾಳೆ ಒಂದಿನ ತಗಡು ತೆಗೆದಿಡಮ್ಮ.”

“ತೆಗೆದ್ರೆ ಹೊಟ್ಟು ಭಗ್ಗಂತ ಉರಿದು ಮುಗಿದೋಗುತ್ತೆ. ನಿಮ್ಮಪ್ಪ ನೈಟ್ ಶಿಫ್ಟ್ ಮುಗಿಸ್ಕೊಂಡು ಬಂದು ತಣ್ಣೀರು ಹುಯ್ಕೋಬೇಕಾ?”

“ಒಂದೇ ದಿನ.”

“ನಿನ್ನ ಎಮ್ಮೆಸ್ಸಿಗೂ ನಮ್ಮ ಬಚ್ಚಲಿಗೂ ಏನ್ ಸಂಬಂಧ ಮಾರಾಯ್ತಿ!”

ಆದರೂ ತೆಗೆದರು. ಭಾನುವಾರ ಅದೇ ಚಳಿ, ಅದೇ ಹೊತ್ತು, ಕಾರ್ಖಾನೆಯಲ್ಲಿ ಅದೇ ಪಾಳಿ. ಬದಲಾಗಿದ್ದು ಒಲೆಯ ಉರಿ ಮಾತ್ರ. ಫಿಲ್ಟರ್ ಮೇಲೆ ಕಂದು ಇರಲಿಲ್ಲ, ತೆಳು ಬೂದುಗಪ್ಪು ಇತ್ತು. ಮಧ್ಯಾಹ್ನದವು ಬಿಳಿಯಾಗಿದ್ದುದೂ ಆ ಹೊತ್ತಿಗೆ ಒಲೆ ಆರಿರುತ್ತಿದ್ದರಿಂದಲೇ.

“ಮೂರು ತಿಂಗ್ಳು ನಮ್ಮ ಫ್ಯಾಕ್ಟರಿನ ಬೈದೆ. ಈಗ ನಿಮ್ಮಮ್ಮನ್ನ ಬೈದು ಬರಿ ನೋಡೋಣ,” ಎಂದು ಅಪ್ಪ ಟವೆಲ್ ಹೊದ್ದು ನಡುಗುತ್ತ ನಕ್ಕರು.

ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಗೆಳತಿಯರ ಜೊತೆ ಆ ವರ್ಷ ಡಿಗ್ರಿ ಮುಗಿಯುವುದು ಅನುಮಾನವಿತ್ತು. ಸೋಮವಾರ ಶನಿವಾರದ್ದು, ಭಾನುವಾರದ್ದು ಎರಡೂ ಫಿಲ್ಟರ್‌ಗಳನ್ನು ಗೈಡ್ ಮುಂದಿಟ್ಟು ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ನೋಡಿದರು.

“ಇದು ಭದ್ರಾವತಿ ಗಾಳಿ ಅಲ್ಲ ಕಣಮ್ಮ, ನಿಮ್ಮನೆ ಬಚ್ಚಲದ್ದು. ಬಿಸಾಡ್ಬೇಡ, ಒಲೆ ಬಗ್ಗೆ ಬರಿ. ಆದ್ರೆ ಊರಿನ ಮಾತಾಡ್ಬೇಕು ಅಂದ್ರೆ ಬೇರೆ ಕಡೆ ಮೊದಲಿಂದ ಶುರು ಮಾಡ್ಬೇಕು. ಸಬ್ಮಿಷನ್ ಮುಂದಕ್ಕೆ ಹೋಗುತ್ತೆ.”

“ಆಗಲಿ ಸರ್,” ಎಂದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಸ್ವಲ್ಪ ಅತ್ತೆ.

ಮರುದಿನ ಬೆಳಿಗ್ಗೆ ಅಪ್ಪನೂ ನಾನೂ ಪಂಪನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ಊರ ಹೊರಗಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಒಯ್ದೆವು. ಅಪ್ಪನ ಪರಿಚಯದವರ ವರ್ಕ್‌ಶಾಪಿನ ತಾರಸಿಯಲ್ಲಿ ಜಾಗ ಸಿಕ್ಕಿತ್ತು. ಸ್ವಿಚ್ ಹಾಕುವ ಮೊದಲು ನಾನು ಕೆಳಗಿಳಿದು ಕಟ್ಟಡದ ಸುತ್ತ ನಡೆದೆ. ಟೀ ಅಂಗಡಿಯ ಒಲೆ ಎಷ್ಟು ಹೆಜ್ಜೆ ದೂರ, ವಾಚ್‌ಮನ್ ಚಳಿ ಕಾಯಿಸಿಕೊಳ್ಳುವ ಬೆಂಕಿ ಎಷ್ಟು ಹೆಜ್ಜೆ ಎಂದು ಪುಸ್ತಕದಲ್ಲಿ ಬರೆದುಕೊಂಡೆ.