ಟೀವಿಗೆ ಮಾಡಿದ ಸೀಮಂತ

ನನ್ನ ಅತ್ತೆಗೆ ಕಿವಿ ಕೇಳಿಸುವುದು ನಿಂತ ಮೇಲೆ ನನಗೆ ಒಳ್ಳೆಯ ಕಾಲ ಬಂತು. ಹೀಗೆ ಬರೆದರೆ ಓದುವವರು ಮುಖ ಸಿಂಡರಿಸಬಹುದು. ಸಿಂಡರಿಸಲಿ. ಪೂರ್ತಿ ಓದಿ ಆಮೇಲೆ ನನ್ನನ್ನು ಬೈಯಲಿ.

ನಮ್ಮದು ದಾಬಸ್‌ಪೇಟೆಯಿಂದ ಒಳಕ್ಕೆ ಹೋಗುವ ರಸ್ತೆಯ ಒಂದು ಊರು. ಹಿತ್ತಲಲ್ಲಿ ಬಟ್ಟೆ ಒಣಗಿಸುವಾಗ ತಲೆಯೆತ್ತಿದರೆ ಶಿವಗಂಗೆ ಬೆಟ್ಟ ಕಾಣುತ್ತದೆ. ನನ್ನ ತವರು ಸಾಸಲು ಕಡೆ. ಅಲ್ಲಿ ನಾನು ಟೀವಿ ನೋಡಿದ್ದೆಲ್ಲ ಪಕ್ಕದ ಮನೆಯ ಪಡಸಾಲೆಯಲ್ಲಿ. ಇದ್ದದ್ದೇ ಒಂದು ಚಾನೆಲ್, ಬರುತ್ತಿದ್ದದ್ದು ಕಪ್ಪು ಬಿಳುಪು. ಆ ಕಾಲದ ಧಾರಾವಾಹಿಗಳ ಹೆಂಗಸರು ಹತ್ತಿ ಸೀರೆ ಉಟ್ಟು, ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು, ಊರಿನ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು ಅಥವಾ ನರ್ಸ್ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮಮ್ಮ ನನಗೆ, "ನೋಡು, ಆ ಟೀಚರಮ್ಮನ ಥರ ಆಗ್ಬೇಕು ನೀನು" ಎನ್ನುತ್ತಿದ್ದಳು. ನಾನೂ ನಂಬಿದ್ದೆ. ಪಿಯುಸಿ ಮುಗಿಯಿತು, ಮದುವೆ ಮಾಡಿ ಕಳಿಸಿದರು.

ಗಂಡನ ಮನೆಗೆ ಬಂದಾಗ ನಮ್ಮ ಬೀದಿಯಲ್ಲಿ ಕಲರ್ ಟೀವಿ, ಅದಕ್ಕೆ ಕೇಬಲ್ಲು, ಎರಡೂ ಇದ್ದದ್ದು ನಮ್ಮತ್ತೆಯ ಮನೆಯಲ್ಲಿ ಮಾತ್ರ. ಅವರಿಗೆ ಅದರ ಗತ್ತು ಬಹಳ. ಸಂಜೆ ಡೈರಿಗೆ ಹಾಲು ಹಾಕಿ ಬಂದ ಹೆಂಗಸರೆಲ್ಲ ಖಾಲಿ ಕ್ಯಾನು ಬಾಗಿಲಲ್ಲಿಟ್ಟು ಒಳಗೆ ಬಂದು ಕೂರುತ್ತಿದ್ದರು. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳಿನ ಪಾತ್ರೆಯನ್ನೂ ತರುತ್ತಿದ್ದರು. ಕಣ್ಣು ಟೀವಿ ಮೇಲೆ, ಕೈ ಮಾತ್ರ ಕಾಳು ಹಿತುಕುತ್ತಿರುತ್ತಿತ್ತು. ಅಷ್ಟು ಹೊತ್ತಿಗೆ ಟೀವಿಯಲ್ಲಿ ಟೀಚರಮ್ಮಂದಿರು ಮಾಯವಾಗಿದ್ದರು. ಅವರ ಜಾಗಕ್ಕೆ ಬಂದವಳು ಅಳುವ ಸೊಸೆ. ರೇಷ್ಮೆ ಸೀರೆ ಉಟ್ಟುಕೊಂಡೇ ಪಾತ್ರೆ ತೊಳೆಯುವವಳು. ಎದುರಿಗೆ ದೊಡ್ಡ ಕುಂಕುಮದ ಅತ್ತೆ. ಆ ಅತ್ತೆ ಬಾಯಿ ತೆರೆದರೆ ಗುಡುಗು ಸಿಡಿಲಿನ ಸದ್ದು.

ಹಿರಿಯರ ಮುಂದೆ ಸೊಸೆ ಕೂತು ಟೀವಿ ನೋಡುವುದು ನಮ್ಮ ಮನೆಯಲ್ಲಿ ಇರಲಿಲ್ಲ. ನಾನು ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತ ಗೋಡೆಯ ಈಚೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ವರ್ಷಗಟ್ಟಲೆ ಕೇಳಿದರೂ ಆ ಸೊಸೆಯ ಮುಖ ನನಗೆ ಗೊತ್ತಿರಲಿಲ್ಲ, ಅಳು ಮಾತ್ರ ಗೊತ್ತಿತ್ತು. ಅವಳು ಅತ್ತಾಗಲೆಲ್ಲ ನಮ್ಮತ್ತೆಯೂ ಮೂಗು ಸೀಟುತ್ತಿದ್ದರು. "ಪಾಪದ್ದು, ತಾಯಿ ಇಲ್ಲದ್ ಮಗು, ಎಷ್ಟು ಗೋಳು ಹುಯ್ಕೋತಾಳೆ ನೋಡು ಆ ಮಾರಿ" ಎಂದು ಪರದೆಯ ಅತ್ತೆಗೆ ಶಾಪ ಹಾಕಿ, ಅದೇ ಉಸಿರಿನಲ್ಲಿ ಒಳಕ್ಕೆ ತಿರುಗಿ, "ಏನೇ, ಕಾಫಿ ಕಾಯಿಸಕ್ಕೆ ಬೆಂಗ್ಳೂರಿಗೆ ಹೋದ್ಯಾ?" ಎನ್ನುತ್ತಿದ್ದರು. ಬೀದಿಯ ಹೆಂಗಸರು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಟೀವಿ ಕಾಲದ ಕನ್ನಡಿ ಎಂದು ಈಗ ಓದಿದವರು ಹೇಳುತ್ತಾರೆ. ಹೇಳುವವರು ಯಾರೂ ಆ ಅಡುಗೆಮನೆಯಲ್ಲಿ ನಿಂತಿರಲಿಲ್ಲ. ಕನ್ನಡಿಯಾಗಿದ್ದರೆ ನಮ್ಮತ್ತೆಗೆ ಅದರಲ್ಲಿ ತಮ್ಮ ಮುಖ ಕಾಣಬೇಕಿತ್ತಲ್ಲ.

ನಾನು ಮೊದಲ ಸಲ ಬಸುರಿಯಾದ ವರ್ಷ ಮಾವನ ಅಣ್ಣ ತೀರಿಕೊಂಡರು. ಏಳನೇ ತಿಂಗಳಿಗೆ ನಮ್ಮಮ್ಮ ಸಾಸಲಿನಿಂದ ಎರಡು ಬಸ್ಸು ಬದಲಾಯಿಸಿ, ಹಸಿರು ಗಾಜಿನ ಬಳೆ, ಮಡಿಲಕ್ಕಿ, ಮೊಸರನ್ನ, ಕರಿದ ತಿಂಡಿ ಎಲ್ಲ ಹೊತ್ತುಕೊಂಡು ಬಂದಳು. ಬಸುರಿಗೆ ತವರಿನ ಬಳೆ ತೊಡಿಸಿ, ಮಡಿಲು ತುಂಬಿ, ಆರತಿ ಎತ್ತುವುದು ನಮ್ಮ ಕಡೆ ಬಡವರೂ ಬಿಡದ ಶಾಸ್ತ್ರ. ಅತ್ತೆ ಅವಳನ್ನು ಜಗುಲಿಯಲ್ಲೇ ಕೂರಿಸಿದರು.

"ಸಾವಾದ ಮನೆ ಇದು, ವರ್ಷ ತುಂಬಿಲ್ಲ. ಶುಭಕಾರ್ಯ ಮಾಡೋ ಹಂಗಿಲ್ಲ. ಬಳೆ ಇಟ್ಟು ಹೋಗಿ, ಆಮೇಲ್ ನೋಡನ" ಎಂದರು.

ನಮ್ಮಮ್ಮ ಎದುರು ಮಾತಾಡುವವಳಲ್ಲ. ಹೊರಡುವಾಗ ನನ್ನ ಬರಿಗೈ ಹಿಡಿದುಕೊಂಡು, "ಅವರೇನ್ ಸುಳ್ ಹೇಳಲ್ಲ ಬಿಡು, ಶಾಸ್ತ್ರ ಅಂದ್ರೆ ಶಾಸ್ತ್ರ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಬಳೆಯ ಕಟ್ಟು ಅತ್ತೆಯ ಬೀರು ಸೇರಿತು. ಶಾಸ್ತ್ರವೆಂದು ನಾನೂ ಸುಮ್ಮನಾದೆ.

ಅದಾಗಿ ಸ್ವಲ್ಪ ದಿನಕ್ಕೆ ಟೀವಿಯ ಸೊಸೆಗೂ ಏಳು ತಿಂಗಳಾಯಿತು. ಅವಳ ಸೀಮಂತ ತೋರಿಸುತ್ತಾರೆ ಎಂದು ವಾರವಿಡೀ ಡಂಗುರ ಹೊಡೆದರು. ಬೀದಿಯ ಹೆಂಗಸರಿಗೆ ಹಬ್ಬದ ಸಂಭ್ರಮ. ಯಾರು ಮೊದಲು ಹೇಳಿದರೋ, "ತಾಯಿ ಇಲ್ಲದ ಮಗು, ನಾವೇ ಮಾಡಣ" ಎಂದಾಯಿತು. ಅತ್ತೆ ನನಗೆ ಹೋಳಿಗೆ ಮಾಡಲು ಹೇಳಿದರು. ಹೊಟ್ಟೆ ಹೊತ್ತುಕೊಂಡು ಒಲೆ ಮುಂದೆ ಕೂತು ಬೇಯಿಸಿದೆ. ಸಂಜೆ ಟೀವಿ ಒರೆಸಿ ಅರಿಸಿನ ಕುಂಕುಮ ಹಚ್ಚಿದರು, ಮೇಲೆ ಕನಕಾಂಬರದ ಹಾರ ಹಾಕಿದರು. ಕೆಳಗೆ ಮಣೆ ಹಾಕಿ ಅಕ್ಕಿ, ಕಾಯಿ, ಹಣ್ಣು ಇಟ್ಟರು. ಪರದೆಯ ಮೇಲೆ ಆರತಿ ಎತ್ತುತ್ತಿದ್ದಂತೆ ನಮ್ಮವರೂ ಎತ್ತಿದರು. ಒಬ್ಬಳು ಸೋಬಾನೆ ಹೇಳಿದಳು. ನಾನು ಹೋಳಿಗೆ ತಟ್ಟೆ ಹಿಡಿದು ಪಡಸಾಲೆಗೆ ಬಂದಾಗ ಅತ್ತೆ ತಾಂಬೂಲದ ಜೊತೆಗೆ ಎಲ್ಲರಿಗೂ ಹಸಿರು ಬಳೆ ಹಂಚುತ್ತಿದ್ದರು. ನಮ್ಮಮ್ಮ ತಂದ ಬಳೆ.

"ಅತ್ತೆ, ವರ್ಷ ತುಂಬಿಲ್ಲ ಅಂದ್ರಲ್ಲ" ಎಂದೆ.

"ಅದು ಟೀವಿಲಿ ಆಗೋದು ಕಣೇ, ನಮ್ಮನೇಲಾ? ಟೀವಿಗ್ಯಾವ ಸೂತಕ" ಎಂದರು. ಎಲ್ಲರೂ ತಲೆಯಾಡಿಸಿದರು. ಮಾತು ಅವರಿಗೆ ಸರಿಯಾಗೇ ಕಂಡಿರಬೇಕು.

ಅವತ್ತು ಮೊದಲ ಸಲ ನಾನು ಆ ಸೊಸೆಯ ಮುಖ ನೋಡಿದೆ. ಮೊಣಕೈವರೆಗೆ ಬಳೆ ಹಾಕಿಕೊಂಡು ನಗುತ್ತಿದ್ದಳು. ನನಗೆ ಬಳೆ ತೊಡಿಸುವ ಮಾತು ಆಮೇಲೆ ಯಾರೂ ಎತ್ತಲಿಲ್ಲ. ವರ್ಷ ತುಂಬುವ ಮೊದಲೇ ಮಗಳು ಹುಟ್ಟಿದಳು. ನಮ್ಮಮ್ಮನಿಗೆ ನಾನು ನಿಜ ಹೇಳಲಿಲ್ಲ. ಬಳೆ ತೊಟ್ಟೆ, ಚೆನ್ನಾಗಿತ್ತು ಎಂದೆ. ಅವಳು ಅದನ್ನು ನಂಬಿಕೊಂಡೇ ಸತ್ತಳು.

ಅಂದಿನಿಂದ ನಾನು ಅತ್ತೆಯ ಜೊತೆ ಮಾತು ಬಿಟ್ಟೆ. ಜಗಳವಾಡಲಿಲ್ಲ. ಜಗಳವಾಡಿದರೆ ಅವರಿಗೆ ಬೀದಿಯಲ್ಲಿ ಹೇಳಿಕೊಳ್ಳಲು ಒಂದು ಕಥೆ ಸಿಗುತ್ತಿತ್ತು. ಹೂಂ, ಉಹೂಂ, ಬಡಿಸ್ಲಾ, ಸ್ನಾನಕ್ಕೆ ನೀರಿದೆ. ಇದರ ಮೇಲೆ ಒಂದು ಮಾತಿಲ್ಲ. ಅವರು ಅದನ್ನು ಗಮನಿಸಿದಂತೆ ಕಾಣಲಿಲ್ಲ, ಅದೂ ನನ್ನ ಹೊಟ್ಟೆ ಉರಿಸಿತು. ಕಾರ್ಖಾನೆಯ ಶಿಫ್ಟಿಗೆ ಹೋಗಿ ಬರುತ್ತಿದ್ದ ನನ್ನ ಗಂಡ, "ನಮ್ಮನೇಲಿ ಅತ್ತೆ ಸೊಸೆ ಜಗಳಾನೇ ಇಲ್ಲ ಗುರು" ಎಂದು ಸ್ನೇಹಿತರ ಮುಂದೆ ಕೊಚ್ಚಿಕೊಳ್ಳುತ್ತಿದ್ದರು.

ಆಮೇಲೆ ಕಾಲ ತಿರುಗಿತು. ಮನೆಮನೆಗೂ ಟೀವಿ ಬಂತು, ಬೀದಿಯ ಹೆಂಗಸರು ಬರುವುದು ನಿಂತಿತು. ಹಿತುಕಿದ ಅವರೆ ಪ್ಯಾಕೆಟ್ಟಿನಲ್ಲಿ ಸಿಗತೊಡಗಿತು. ಧಾರಾವಾಹಿಯ ಸೊಸೆ ಕಣ್ಣೊರೆಸಿಕೊಂಡು ಸ್ಕೂಟಿ ಹತ್ತಿದಳು, ಕಂಪನಿ ನಡೆಸಿದಳು, ಬೇಡವಾದ ಗಂಡನಿಗೆ ವಕೀಲರ ನೋಟೀಸು ಕೊಟ್ಟಳು. ಕುಂಕುಮದ ಅತ್ತೆ ನಗೆಪಾಟಲಿನ ಹೆಂಗಸಾದಳು. ಅವಳು ಜಾರಿ ಬಿದ್ದರೆ ಹಿಂದೆ ಪೀಪಿ ಊದುತ್ತಾರೆ. ಇದನ್ನೆಲ್ಲ ನೋಡಿ ನಮ್ಮ ಕಾಲ ಬಂತು ಎಂದುಕೊಂಡೆ, ನಮ್ಮ ಮನೆಗೆ ಮಾತ್ರ ಬರಲಿಲ್ಲ. ನನ್ನ ಮಗಳ ಸೀಮಂತ ನೆಲಮಂಗಲದ ಹಾಲ್ ಒಂದರಲ್ಲಿ ಆಯಿತು. ಬಲೂನು, ಕೇಕು, ಮಗಳ ಮೈಮೇಲೆ ನೆಲ ಗುಡಿಸುವ ಗೌನು, ಎಲ್ಲ ಯಾವುದೋ ಧಾರಾವಾಹಿಯಲ್ಲಿ ತೋರಿಸಿದ ಹಾಗೆಯೇ. ಅತ್ತೆ ಸೋಫಾದಲ್ಲಿ ಕೂತು, "ಥೇಟ್ ಟೀವಿಲಿ ಆದಂಗೇ ಆಯ್ತು" ಎಂದು ಹಿಗ್ಗಿದರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಅವರಿಗೆ ಏನೂ ನೆನಪಾಗಲಿಲ್ಲ.

ಅವರ ಕಿವಿ ಹೋದದ್ದು ಅದಾದ ಮೇಲೆ. ನನ್ನ ಗಂಡ ತಂದುಕೊಟ್ಟ ಕಿವಿ ಮಿಷನ್ನು ಗುಯ್ ಅನ್ನುತ್ತದೆಂದು ಡಬ್ಬಿಗೆ ಹಾಕಿದರು. ಕಿವಿಗೆ ಬಾಯಿ ಹಚ್ಚಿ ಹೇಳಿದರಷ್ಟೇ ಕೇಳಿಸುತ್ತಿತ್ತು. ಕಣ್ಣು ಮಾತ್ರ ಚುರುಕು. ಈಗಿನ ಸೊಸೆಯ ಧಾರಾವಾಹಿ ಬಂತೆಂದರೆ ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, ಪರದೆಯ ಮೇಲೆ ಯಾರು ಬಾಯಿ ಆಡಿಸಿದರೂ ತಿವಿದು, "ಏನಂದ್ಲು?" ಎನ್ನುತ್ತಿದ್ದರು. ಮೊದಮೊದಲು ಇದ್ದದ್ದನ್ನೇ ಕಿವಿಯಲ್ಲಿ ಹೇಳಿದೆ. ಒಂದು ಸಂಜೆ ಆ ಹುಡುಗಿ ಅತ್ತೆಯನ್ನು ಸಕ್ಕರೆ ಎಲ್ಲಿದೆ ಎಂದು ಕೇಳಿದಳು. ನನಗೆ ಏನನ್ನಿಸಿತೋ, "'ನಿಮ್ ದರ್ಬಾರು ಮುಗೀತು, ಇನ್ಮೇಲೆ ನಾನು ಹಾಕಿದ್ದನ್ನೇ ನೀವು ಉಣ್ಬೇಕು' ಅಂದ್ಲು" ಎಂದುಬಿಟ್ಟೆ.

"ಅಯ್ಯೋ, ಹಂಗಂದ್ಲಾ" ಎಂದು ಅತ್ತೆ ಕುರ್ಚಿಯಲ್ಲಿ ಹಿಂದಕ್ಕೆ ಸರಿದರು.

ನನ್ನ ಹೊಟ್ಟೆ ತಣ್ಣಗಾಯಿತು. ಆಮೇಲೆ ನಾನು ತಡೆಯಲಿಲ್ಲ. ಎಷ್ಟೋ ವರ್ಷ ನುಂಗಿಕೊಂಡಿದ್ದ ಮಾತೆಲ್ಲ ಆ ಹುಡುಗಿಯ ಬಾಯಲ್ಲಿ ಬಂತು. ಅವಳು ಆಫೀಸಿಗೆ ಹೊತ್ತಾಯಿತು ಎಂದರೆ, ಅತ್ತೆಯ ಜನ್ಮ ಜಾಲಾಡಿದಳು ಎಂದೆ. ಅವಳು ನಮಸ್ಕಾರ ಮಾಡಿದರೆ, ನಿಮ್ಮ ಕಾಲು ಬಿದ್ದುಹೋಗಲಿ ಎಂದಳು ಎಂದೆ. ಅತ್ತೆ ಕಣ್ಣರಳಿಸಿ ಕೇಳುತ್ತಿದ್ದರು. ಆಗಾಗ, "ಆ ಹುಡ್ಗಿಗೆ ಅಷ್ಟೊಂದು ಸಿಟ್ಟು ಯಾಕೆ? ಆ ಅತ್ತೆ ಅಂಥದ್ದೇನ್ ಮಾಡಿದ್ಲು?" ಎಂದು ಕೇಳುತ್ತಿದ್ದರು. ಮುಂದೆ ತೋರಿಸ್ತಾರೆ ಎನ್ನುತ್ತಿದ್ದೆ. ಆ ಕಾರಣವನ್ನು ಮಾತ್ರ ನಾನು ಕೊನೆಗೆಂದು ಕಾಪಾಡಿಕೊಂಡು ಬಂದಿದ್ದೆ.

ಕೊನೆಗೆ ಹೇಳುವ ದಿನ ಬಂತು. ಪರದೆಯ ಮೇಲೆ ಅತ್ತೆ ಸೊಸೆ ಎದುರುಬದುರು ಕೂತಿದ್ದರು. ನಾನು ನಮ್ಮತ್ತೆಯ ಕಿವಿಗೆ ಬಾಯಿ ಹಚ್ಚಿ ಶುರು ಮಾಡಿದೆ. ಸಾವಿನ ಮನೆ ಎಂದದ್ದು, ತಾಯಿಯನ್ನು ಜಗುಲಿಯಿಂದ ಕಳಿಸಿದ್ದು, ಬೀರುವಿನಲ್ಲಿಟ್ಟ ಬಳೆ, ಯಾರದೋ ಸೀಮಂತಕ್ಕೆ ಬಸುರಿಯ ಕೈಯಲ್ಲೇ ಹೋಳಿಗೆ ಮಾಡಿಸಿದ್ದು, ಎಲ್ಲವನ್ನೂ ಆ ಹುಡುಗಿ ಹೇಳುತ್ತಿದ್ದಾಳೆಂದು ಹೇಳಿದೆ. ಬೇಗ ಮುಗಿಸಲಿಲ್ಲ. ಉಪ್ಪು ಖಾರ ಹಚ್ಚುವ ಅಗತ್ಯವೂ ಬೀಳಲಿಲ್ಲ.

"ತವರಿನ್ ಬಳೆನೂ ಹಂಚ್ಬಿಟ್ಳಾ?" ಎಂದರು ಅತ್ತೆ, ಟೀವಿಯಿಂದ ಕಣ್ಣು ತೆಗೆಯದೆ.

"ಹಂಚ್ಬಿಟ್ಳು."

"ಅಂಥವಳಿಗೆ ಯಾಕೆ ಅನ್ನ ಹಾಕ್ತಾಳೆ ಆ ಸೊಸೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ನನ್ನ ತಲೆ ಸಿಡಿಯಿತು. ಮತ್ತೆ ಪರದೆಯವಳಿಗಾಗಿಯೇ ಅಳುತ್ತಿದ್ದಾರೆ ಎನಿಸಿತು. ಅವರ ಭುಜ ಹಿಡಿದು ನನ್ನ ಕಡೆ ತಿರುಗಿಸಿ, "ಅದು ಟೀವಿಲಿ ಆಗಿದ್ದಲ್ಲ, ಈ ಮನೇಲಿ ಆಗಿದ್ದು. ನೀವು ನನಗೆ ಮಾಡಿದ್ದು" ಎಂದು ಕಿವಿಯಲ್ಲಿ ಕೂಗಿದೆ.

"ಗೊತ್ತು" ಎಂದರು. "ಆಗ್ಲಿಂದ ಸೋಪಿನ್ ಅಡ್ವಟೈಸ್ಮೆಂಟ್ ಬರ್ತಾ ಇದೆ."

ತಿರುಗಿ ನೋಡಿದೆ. ನಿಜ, ಪರದೆಯ ತುಂಬ ನೊರೆ. ಹೇಳುವ ಭರದಲ್ಲಿ ನಾನು ಅತ್ತ ನೋಡಿಯೇ ಇರಲಿಲ್ಲ.

"ಇವತ್ತಷ್ಟೇನಾ ಗೊತ್ತಾಗಿದ್ದು?" ಎಂದು ಮತ್ತೆ ಕಿವಿಯಲ್ಲಿ ಕೇಳಿದೆ.

"ಮೊದ್ಲಿಂದ್ಲೂ ಗೊತ್ತು. ಆ ಹುಡ್ಗಿ ಬಾಯಿ ಮುಚ್ಕೊಂಡ್ರೂ ನೀನು ಹೇಳ್ತಾನೇ ಇರ್ತೀಯ."

"ಮತ್ಯಾಕೆ ದಿನಾ ಕೇಳ್ತಿದ್ರಿ?"

"ನೀನು ನನ್ ಹತ್ರ ಮಾತಾಡೋದು ಅದೊಂದು ಹೊತ್ತೇ ಅಲ್ವೇನೇ" ಎಂದರು.

ಇಲ್ಲಿ ನನ್ನ ಮನಸ್ಸು ಕರಗಬೇಕಿತ್ತು. ಧಾರಾವಾಹಿಯಾಗಿದ್ದರೆ ಕೊಳಲು ಊದಿ ಇಬ್ಬರನ್ನೂ ತಬ್ಬಿಸುತ್ತಿದ್ದರು. ನನ್ನದು ಕರಗಲಿಲ್ಲ. ತಪ್ಪಾಯಿತು ಎಂಬ ಒಂದು ಮಾತು ಆಗಲೂ ಅವರ ಬಾಯಲ್ಲಿ ಬರಲಿಲ್ಲ ಎಂಬುದನ್ನೇ ನೋಡಿದೆ. ಅದರ ಜೊತೆಗೆ ಇನ್ನೊಂದೂ ತಿಳಿಯಿತು. ನನ್ನ ಬೈಗುಳವೆಲ್ಲ ಅವರಿಗೆ ದಿನದ ಹಬ್ಬವಾಗಿತ್ತು. ನೋವು ಮಾಡಿದ್ದು ನಾನು ಆಡದ ಮಾತು. ಎಷ್ಟೋ ವರ್ಷದಿಂದ ಅವರು ಅದನ್ನು ಗಮನಿಸಿಯೇ ಇದ್ದರು.

ಮಾರನೆಯ ಸಂಜೆ ಎಂದಿನಂತೆ ಟೀವಿ ಹಾಕಿ ಅವರ ಪಕ್ಕ ಕೂತೆ. ಹುಡುಗಿ ಬಂದಳು, ಅತ್ತೆಯ ಎದುರು ನಿಂತು ಮಾತು ಶುರು ಮಾಡಿದಳು. ನಮ್ಮತ್ತೆಯ ಮೊಣಕೈ ನನಗೆ ತಾಗಿತು.

"ಏನಂದ್ಲು?"

ನಾನು ಟೀವಿ ನೋಡುತ್ತಿದ್ದೆ. ಅವರು ಇನ್ನೊಮ್ಮೆ ಕೇಳಿದರು, ಆಮೇಲೆ ಟೀವಿ ಬಿಟ್ಟು ನನ್ನ ತುಟಿಯನ್ನೇ ನೋಡುತ್ತ ಕೂತರು. ಹುಡುಗಿ ಅವತ್ತು ಬಹಳ ಹೊತ್ತು ಮಾತಾಡಿದಳು. ನಾನು ಎಲ್ಲವನ್ನೂ ಕೇಳಿಸಿಕೊಂಡೆ, ಒಂದನ್ನೂ ಹೇಳಲಿಲ್ಲ.