ಲೋಲಾಕ್ಷಿ ಕಂಡದ್ದು

ಆಕಾಶದಲ್ಲಿ ಅದನ್ನು ಕಂಡವಳು ಲೋಲಾಕ್ಷಿ. ಹೆಸರು ಬಂದದ್ದು ಅವಳ ಗಂಡ ಏಕನಾಥನಿಗೆ. ಮಯೂರ್ ವಿಹಾರಿನ ಅವರ ಹೋಟೆಲಿನಲ್ಲಿ ಇದು ಹೊಸ ಏರ್ಪಾಡೇನಲ್ಲ. ಸಾಂಬಾರು ಅವಳದ್ದು, ‘ನಮ್ಮ ಉಡುಪಿ ಕಡೆಯ ರುಚಿ ಸಾರ್’ ಎಂಬ ಹೆಮ್ಮೆ ಗಲ್ಲಾದಲ್ಲಿ ಕೂತವನದ್ದು. ಮದುವೆಯಾಗಿ ದೆಹಲಿಗೆ ಬಂದಂದಿನಿಂದ ಅವಳು ರುಬ್ಬಿದ್ದಾಳೆ, ಬೇಯಿಸಿದ್ದಾಳೆ, ತಿಕ್ಕಿ ತೊಳೆದಿದ್ದಾಳೆ. ಜನ ಅದಕ್ಕೆ ‘ಏಕನಾಥಣ್ಣನ ಹೋಟೆಲ್’ ಎನ್ನುತ್ತಾರೆ.

ಮಾರ್ಚ್ ತಿಂಗಳ ಒಂದು ಸಂಜೆ, ಬಿಸಿಲಿನ್ನೂ ಇತ್ತು. ಮಧ್ಯಾಹ್ನದ ಗಿರಾಕಿಗಳು ಹೋಗಿ ಸಂಜೆಯವರು ಬರುವ ನಡುವಿನ ಹೊತ್ತಿಗೆ ಏಕನಾಥ ‘ರೆಸ್ಟ್’ ಎಂದು ಹೆಸರಿಟ್ಟಿದ್ದ. ಆ ರೆಸ್ಟಿನಲ್ಲಿ ಲೋಲಾಕ್ಷಿ ಇಡ್ಲಿ ಬಟ್ಟೆಗಳನ್ನು ಒಗೆದು ತಾರಸಿಯಲ್ಲಿ ಹರವುತ್ತಿದ್ದಳು. ಕತ್ತೆತ್ತಿದರೆ ಗಾಜೀಪುರದ ಕಸದ ಗುಡ್ಡದ ಕಡೆ, ಹದ್ದುಗಳು ಸುತ್ತುವುದಕ್ಕಿಂತ ತುಸು ಮೇಲೆ, ಬೂದು ಬಣ್ಣದ ಉದ್ದನೆಯ ಏನೋ ಒಂದು ನಿಂತಿತ್ತು. ರೆಕ್ಕೆಯಿಲ್ಲ, ಸದ್ದಿಲ್ಲ. ಹದ್ದುಗಳು ಅದರ ಕೆಳಗೆ ಬರದೆ ಬಳಸಿ ಹೋಗುತ್ತಿದ್ದವು. ಒದ್ದೆ ಬಟ್ಟೆಯ ನೀರು ಮೊಣಕೈಗೆ ಇಳಿಯುವ ತನಕ ಅವಳು ನೋಡಿದಳು. ಆಮೇಲೆ ಅದು ಅಲ್ಲಿರಲಿಲ್ಲ.

ಕೆಳಗಿಳಿದು ಹೇಳಿದಾಗ ಮಗಳು ನಿರೀಕ್ಷಾ, “ಡ್ರೋನ್ ಹೋಗಾ ಮಮ್ಮಿ, ಡ್ರೋನ್ ಇರ್ಬೇಕು” ಎಂದು ಮೊಬೈಲಿಗೆ ಮರಳಿದಳು. ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ ಏಕನಾಥ, “ಬಿಸಿಲಿಗೆ ನಿನ್ನ ತಲೆ ತಿರುಗಿದೆ, ಚಾ ಇಡು” ಎಂದ.

ಮರುದಿನ ಒಬ್ಬ ಗಿರಾಕಿ ಈ ಮಾತಿಗೆ ಕಿವಿಗೊಟ್ಟಿದ್ದೇ ತಡ, ಏಕನಾಥನಿಗೂ ಅದು ಕಂಡಿತ್ತು. “ನಾನು, ನನ್ನ ಮಿಸೆಸ್, ಇಬ್ಬರೂ ನೋಡಿದೆವು ಸಾರ್, ಹಾರುವ ತಟ್ಟೆ!” ಕಾಫಿಯ ಜೊತೆ ಕತೆಯೂ ಹರಿಯಿತು. ಅದು ಮುಟ್ಟಿದ ಕಿವಿಗಳಲ್ಲಿ ಹರ್ಷಿಣಿಯದ್ದೂ ಒಂದು. ದಾವಣಗೆರೆಯ ಹುಡುಗಿ, ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಇಂಥ ಅನುಭವಗಳ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದಳು. ಒಂದು ದಿನ ಹೋಟೆಲಿಗೇ ಬಂದಳು.

“ಮೊದಲೆಲ್ಲ, ಕಂಡದ್ದು ನಿಜಾನಾ, ಕಂಡವರಿಗೆ ಹುಚ್ಚಾ, ಇಷ್ಟೇ ಕೇಳ್ತಿದ್ರು ಆಂಟಿ,” ಎಂದಳು ಹರ್ಷಿಣಿ. “ನಾವು ಹಾಗಲ್ಲ. ನೋಡಿದವರ ಬದುಕನ್ನೇ ಕೇಳಿ ತಿಳ್ಕೋತೀವಿ.”

ಲೋಲಾಕ್ಷಿಗೆ ಖುಷಿಯಾಯಿತು. ಅವಳ ಬದುಕನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಹರ್ಷಿಣಿ ಮೊದಲು ಗಲ್ಲಾದ ಹತ್ತಿರ ಕೂತು, ಮೊಬೈಲಿನಲ್ಲಿ ಧ್ವನಿ ಮುದ್ರಿಸುತ್ತ, ಏಕನಾಥನನ್ನು ಕೇಳಿದಳು. ಯಾವ ಆಕಾರ, ಯಾವ ದಿಕ್ಕು, ಎಷ್ಟು ಎತ್ತರ, ಎಷ್ಟು ಗಂಟೆಗೆ? ಅವನು ಹದ್ದುಗಳನ್ನೂ ಬಿಡದೆ ಹೇಳಿದ. ಎಲ್ಲ ಹೆಂಡತಿಯ ಬಾಯಿಂದ ಕೇಳಿದ್ದೇ. ಆಮೇಲೆ ಹರ್ಷಿಣಿ ಅಡುಗೆಮನೆಗೆ ಬಂದಳು. ಲೋಲಾಕ್ಷಿ ನಿಂತೇ ಈರುಳ್ಳಿ ಹೆಚ್ಚುತ್ತಿದ್ದಳು.

“ನಿದ್ದೆ ಎಷ್ಟು ಗಂಟೆ ಮಾಡ್ತೀರಿ ಆಂಟಿ?”

“ನಾಲ್ಕು. ಕೆಲವು ದಿನ ಐದು.”

“ಮುಟ್ಟು ನಿಂತಿದೆಯಾ? ಮನೆಯಲ್ಲಿ ಜಗಳ? ನಿಮ್ಮ ಊರ ಕಡೆ ಮೈಮೇಲೆ ದೈವದ ದರ್ಶನ ಬರುತ್ತಲ್ಲ, ನಿಮ್ಮ ಮನೆಯಲ್ಲಿ ಯಾರಿಗಾದರೂ? ಎಲ್ಲ ಬಿಟ್ಟು ಎಲ್ಲಾದರೂ ಹೋಗಿಬಿಡೋಣ ಅನ್ನಿಸುತ್ತಾ?”

ಲೋಲಾಕ್ಷಿ ಎಲ್ಲಕ್ಕೂ ಉತ್ತರ ಕೊಟ್ಟಳು. ಕೊನೆಗೆ, “ಆಯ್ತಲ್ಲ, ಈಗ ನೋಡಿದ್ದನ್ನು ಹೇಳ್ತೇನೆ” ಎಂದಳು.

“ಅದನ್ನ ಅಂಕಲ್ ಹೇಳಿದ್ರು ಆಂಟಿ.”

ಚಾಕು ನಿಂತಿತು. “ಮತ್ತೆ ನನ್ನ ನಿದ್ದೆ, ನನ್ನ ಮುಟ್ಟು ಎಂತಕ್ಕೆ?”

“ದಣಿದ ಮನಸ್ಸು ತನ್ನ ಬಿಡುಗಡೆಯನ್ನ ಆಕಾಶದಲ್ಲಿ ಕಾಣುತ್ತೆ ಅಂತ ನಮ್ಮ ವಾದ. ನಿಮ್ಮ ದುಡಿಮೆ ಬಗ್ಗೆ ಗೌರವದಿಂದಲೇ ಬರೀತೀವಿ.”

“ಬಿಡುಗಡೆಯಾ? ನನಗೆ ಹೋಗ್ಲಿಕ್ಕಿದ್ದರೆ ನಿಜಾಮುದ್ದೀನಿನಿಂದ ಮಂಗಳೂರಿಗೆ ರೈಲುಂಟು. ಮೇಲಿಂದ ಯಾರೂ ಬರಬೇಕಾಗಿಲ್ಲ.” ಕೈ ಒರೆಸಿಕೊಂಡು ಗಲ್ಲಾದ ಕಡೆ ನಡೆದಳು. “ಬಾ ಇಲ್ಲಿ. ನನ್ನ ಹತ್ತಿರ ಕೇಳಿದ್ದನ್ನು ಇವರ ಹತ್ತಿರವೂ ಕೇಳು. ನಿದ್ದೆಯಿಂದ ಶುರು ಮಾಡು.”

ಏಕನಾಥ ನಕ್ಕ. “ಓಹೋ, ಕೇಳಮ್ಮ. ರಾತ್ರಿ ಏಳು ಗಂಟೆ ನಿದ್ದೆ. ಮಧ್ಯಾಹ್ನ ಮೂರರಿಂದ ಐದೂವರೆ. ಒಂದು ದಿನವೂ ತಪ್ಪಿಸಿದವನಲ್ಲ, ಡಾಕ್ಟರೇ ಹೇಳಿದ್ದು.”

“ಆದ್ರೆ ಅಂಕಲ್... ಅದು ಕಂಡದ್ದು ಐದು ಗಂಟೆಗೆ ಅಂದಿರಲ್ಲ?”

ಏಕನಾಥ ಗಲ್ಲಾದ ಡ್ರಾಯರನ್ನು ಸುಮ್ಮನೆ ಎಳೆದು ಮುಚ್ಚಿದ. “ಅದು... ಗಂಡ ಹೆಂಡತಿ ಅಂದ ಮೇಲೆ ಬೇರೆ ಬೇರೆಯಾ? ಅವಳು ನೋಡಿದರೆ ನಾನು ನೋಡಿದ ಹಾಗೇ.”

“ಬಟ್ಟೆ ಒಗೆಯುವಾಗ ಬೇರೆಯೇ ಇದ್ದೆವಲ್ಲ?” ಎಂದಳು ಲೋಲಾಕ್ಷಿ.

ಹರ್ಷಿಣಿ ಅವಳನ್ನು ಪಕ್ಕಕ್ಕೆ ಕರೆದಳು. “ಅಂಕಲ್ ಮಾತು ಹಾಗೇ ಇರ್ಲಿ ಆಂಟಿ. ಇಬ್ಬರು ಸಾಕ್ಷಿ ಇದ್ರೆ, ಅಲ್ಲಿ ಏನೋ ಇತ್ತು ಅಂತ ಬರೀಬಹುದು. ನೀವೊಬ್ಬರೇ ಅಂದ್ರೆ, ಅಷ್ಟು ಕಡಿಮೆ ನಿದ್ದೆ ಬೇರೆ... ನನ್ನ ಗೈಡ್ ದಣಿವಿನ ಲೆಕ್ಕಕ್ಕೆ ಹಾಕಿಬಿಡ್ತಾರೆ. ನಿಮ್ಮ ಒಳ್ಳೆಯದಕ್ಕೇ ಹೇಳ್ತಿದೀನಿ.”

ಒಳ್ಳೆಯದು! ಮಲಗಿದ್ದವನ ಸುಳ್ಳು ಆಸರೆಯಾದರೆ ಎದ್ದಿದ್ದವಳ ನಿಜ ನಿಲ್ಲುತ್ತದೆಯಂತೆ. ಒಂದು ಗಳಿಗೆ, ಹೋಗಲಿ, ಇದೂ ಅವರ ಹೆಸರಿನಲ್ಲೇ ಇರಲಿ ಎಂದು ಲೋಲಾಕ್ಷಿಯ ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ವರ್ಷ ಬಂದ ಹಾಗೆಯೇ. ಈ ಸಲ ಆ ಮಾತು ನಾಲಿಗೆ ದಾಟಲಿಲ್ಲ.

“ತೆಗಿ ಅವರದ್ದನ್ನು,” ಎಂದಳು, ಎಲ್ಲರಿಗೂ ಕೇಳುವ ಹಾಗೆ. “ಇದೇ ಸುಸ್ತಿನಲ್ಲಿ ನನ್ನನ್ನು ಕಾದ ಎಣ್ಣೆಯ ಮುಂದೆ ನಿಲ್ಲಿಸಿದ್ದಾರೆ. ಆಗ ಯಾರಿಗೂ ನನ್ನ ಕಣ್ಣಿನ ಮೇಲೆ ಸಂಶಯ ಬರಲಿಲ್ಲ. ಕತ್ತೆತ್ತಿದ ಕೂಡಲೇ ಬಂತಾ? ಹಾರುವ ತಟ್ಟೆ ಅಂತ ನಾನು ಹೇಳಲೇ ಇಲ್ಲ. ಎಂತದು ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬರಿ. ನಿನಗೂ ಗೊತ್ತಿಲ್ಲ ಅಂತ ಬರಿ. ಆದರೆ ನೋಡಿದ್ದು ನಾನು.”

“ಗೈಡ್ ಒಪ್ಪದಿದ್ರೆ ಆಂಟಿ?”

“ಅದು ಅವರ ಸುಸ್ತು.”

ಹರ್ಷಿಣಿಗೆ ನಗು ಬಂದಿತ್ತೇನೋ, ನಗಲಿಲ್ಲ. ಮೊಬೈಲಿನಲ್ಲಿದ್ದ ಏಕನಾಥನ ಧ್ವನಿಯನ್ನು ಅಳಿಸಿ, ಕೆಂಪು ಗುಂಡಿಯನ್ನು ಮತ್ತೆ ಒತ್ತಿದಳು. “ಯಾವ ದಿಕ್ಕಿನಲ್ಲಿತ್ತು?”

“ಇಲ್ಲಿ ನಿಂತು ಹೇಳ್ಲಿಕ್ಕಾಗುವುದಿಲ್ಲ. ನಾನು ನಿಂತಿದ್ದ ಜಾಗಕ್ಕೆ ಬಾ.”

ಲೋಲಾಕ್ಷಿ ಒಳಗೆ ಹೋಗಿ ಎರಡು ಒಲೆಗಳನ್ನೂ ಆರಿಸಿ ಮೆಟ್ಟಿಲ ಕಡೆ ನಡೆದಳು. ಬಾಗಿಲಲ್ಲಿ ಊಟಕ್ಕೆ ಬಂದ ನಾಲ್ವರು ನಿಂತಿದ್ದರು. “ಏ, ಈಗ ಎಲ್ಲಿಗೆ? ಸಾಂಬಾರು?” ಎಂದು ಏಕನಾಥ ಕೂಗಿದ.

“ಅದನ್ನೂ ನೀವೇ ಮಾಡಿದ್ದು ಅಂತ ಹೇಳ್ತೀರಲ್ಲ,” ಮೆಟ್ಟಿಲು ಹತ್ತುತ್ತಲೇ ಅವಳೆಂದಳು, “ಇವತ್ತು ಮಾಡಿ.”